ಶರ್ಟಿನ ರಟ್ಟು

ನನಗಾಗಿ ಅಷ್ಟೆಲ್ಲ ಮಾಡಿದ ಅಕ್ಕ ನನ್ನಿಂದ ಒಂದೇ ಒಂದು ಸಲ ಸಹಾಯ ಕೇಳಿದ್ದಳು. ನಾನು ಮಾಡಲಿಲ್ಲ.

ಮೊನ್ನೆ ಲಾಂಡ್ರಿಯಿಂದ ತಂದ ಶರ್ಟು ಬಿಡಿಸುವಾಗ ಒಳಗಿನ ರಟ್ಟು ಜಾರಿ ಬಿತ್ತು. ಗಂಜಿಯ ವಾಸನೆ... ಅದನ್ನು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

ನನ್ನನ್ನು ಬಹರೈನಿಗೆ ಕರೆಸಿಕೊಂಡವಳು ಅಕ್ಕ. ಅರಾದಿನ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಅವಳು ಓದಿದ್ದು ಏಳನೆಯವರೆಗೆ, ನಾನು ಆರು. ಆದರೂ ಕೌಂಟರಿಗೆ ಬರುವವರ ಮಾತಿಗೆ ಕಿವಿಗೊಟ್ಟು ಇಂಗ್ಲಿಷ್ ಕಲಿತಿದ್ದಳು. ಶರ್ಟಿನೊಳಗೆ ಇಡುವ ರಟ್ಟುಗಳಲ್ಲಿ ಮಡಚಿಹೋದವುಗಳ ಮೇಲೆ ಒಂದೊಂದು ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ನನಗೆ ತಂದುಕೊಡುತ್ತಿದ್ದಳು.

ಆಗ ನಾನು ಸಿತ್ರಾದ ಒಂದು ಕಂಪನಿಯಲ್ಲಿ ಹೆಲ್ಪರ್. ಅಲ್ಲಿಯ ಸ್ಟೋರಿನಲ್ಲಿ, ಅಂದರೆ ಸಾಮಾನಿನ ಗೋದಾಮಿನಲ್ಲಿ, ಒಂದು ಕೆಲಸ ಖಾಲಿಯಾಯಿತು. ಇಂಟರ್‌ವ್ಯೂಗೆಂದು ಅಕ್ಕ ಬರೆದುಕೊಟ್ಟದ್ದು, ‘ಐ ಆ್ಯಮ್ ಈಗರ್ ಟು ಲರ್ನ್.’ ಕಲಿಯಲು ತುಂಬ ಆಸೆ, ಉತ್ಸಾಹ ಇದೆ ಎಂದು ಅರ್ಥ ಹೇಳಿದಳು.

ನಾನು ‘ಐ ಆ್ಯಮ್ ಈಗರ್’ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದೆ.

“ಈಗರ್ ಅಂತ ಹೇಳಿ ಬಾಯಿ ಮುಚ್ಚಬೇಡ ಮಾರಾಯ. ಎಂತ ಮಾಡ್ಲಿಕ್ಕೆ ಅಂತಲೂ ಹೇಳು. ಇಲ್ಲದಿದ್ರೆ ಹೋಟೆಲಲ್ಲಿ ಕೂತು ಬರೀ ‘ಬೇಕು, ಬೇಕು’ ಅಂದ ಹಾಗೆ ಆಗ್ತದೆ.”

“ಓವರ್‌ಟೈಮಿಗೂ ಈಗರ್ ಅನ್ಲಿಕ್ಕೆ ಆಗ್ತದಾ ಅಕ್ಕ?”

“ಹೇಳ್ಬಹುದು. ಆದ್ರೆ ನಿನ್ನ ಮುಖ ನೋಡಿದವರು ನಂಬುದಿಲ್ಲ. ಮನಸ್ಸಲ್ಲಿ ಇದ್ರೆ ಮಾತ್ರ ಹೇಳು.”

ಕೆಲಸ ಸಿಕ್ಕಿತು. ಲೈಸೆನ್ಸ್ ಆಯಿತು, ಹಳೆಯ ಕಾರೊಂದು ಬಂತು.

ಮರುವರ್ಷ ಹಮದ್ ಟೌನಿನ ಒಂದು ಲಾಂಡ್ರಿಯವರು ಕೌಂಟರಿಗೆ ಜನ ಬೇಕೆಂದು ಅಕ್ಕನನ್ನು ಇಂಟರ್‌ವ್ಯೂಗೆ ಕರೆದರು. ಇಸ್ತ್ರಿಯ ಹಬೆಯಿಂದ ಹೊರಗೆ ಬರಲು ಅವಳಿಗಿದ್ದ ದಾರಿ ಅದೊಂದೇ. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿರಬೇಕು, ಕಾರಲ್ಲಿ ಬಿಟ್ಟು ಬರ್ತೀಯಾ ಎಂದು ಕೇಳಿದಳು. ಆಯ್ತು ಎಂದಿದ್ದೆ. ಅವತ್ತು ನನಗೆ ರಜೆ. ಫೋನು ಮೂರು ಸಲ ರಿಂಗಾಯಿತು... ನಾನು ಎತ್ತಲಿಲ್ಲ.

ಬಸ್ಸು ಬದಲಾಯಿಸಿಕೊಂಡು ಅವಳು ತಲುಪುವಾಗ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಸಂಜೆ ಸಿಕ್ಕಾಗ, ರಾತ್ರಿ ಶಿಫ್ಟು ಮುಗಿಸಿ ಬಂದು ಸತ್ತ ಹಾಗೆ ನಿದ್ದೆ ಬಂದಿತ್ತು ಎಂದೆ.

“ಹೋಗ್ಲಿ ಬಿಡು. ಊಟ ಆಯ್ತಾ ನಿಂದು?” ಎಂದಳು. ಅದರ ಬಗ್ಗೆ ಮತ್ತೆಂದೂ ಮಾತೆತ್ತಲಿಲ್ಲ. ಇಸ್ತ್ರಿ ಮೇಜಿನ ಮುಂದೆ ಇನ್ನೂ ಆರು ವರ್ಷ ನಿಂತಳು. ಆಮೇಲೆ ಕಾಯಿಲೆ, ಊರು...

ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಸ್ಟೋರ್ ಈಗ ನನ್ನ ಕೈಯಲ್ಲಿದೆ. ಹೊಸಬರು ಇಂಗ್ಲಿಷಿಗೆ ಹೆದರಿದರೆ, ಎಂತ ಮಾಡ್ಲಿಕ್ಕೆ ಅಂತಲೂ ಹೇಳಿ ಎನ್ನುತ್ತೇನೆ. ನಾನು ಉಣ್ಣುವ ಅನ್ನ ಅವಳು ಬರೆದುಕೊಟ್ಟ ಆ ಒಂದು ಸಾಲಿನದು.

ಈ ಶುಕ್ರವಾರ ರಟ್ಟನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಹಮದ್ ಟೌನಿಗೆ ಹೋದೆ. ಅರ್ಧ ಗಂಟೆಯ ದಾರಿ, ಅಷ್ಟೇ. ಆ ಲಾಂಡ್ರಿಯ ಎದುರು ಕಾರು ನಿಲ್ಲಿಸಿದೆ. ಗಾಜಿನಾಚೆ ಕೌಂಟರಿನಲ್ಲಿ ಯಾರೋ ಹೆಂಗಸು ನಗುತ್ತಾ ಬಟ್ಟೆ ಎಣಿಸುತ್ತಿದ್ದಳು.

ಪಕ್ಕದ ಸೀಟಿನ ಕಡೆ ತಿರುಗಿ ಬಾಯಿಬಿಟ್ಟು ಹೇಳಿದೆ: “ಅಕ್ಕಾ, ಅವತ್ತು ನನಗೆ ಎಚ್ಚರ ಇತ್ತು. ಮೂರು ಸಲವೂ ಕೇಳಿಸ್ತು. ಏಳ್ಲಿಕ್ಕೆ ಮನಸ್ಸಾಗ್ಲಿಲ್ಲ, ಅಷ್ಟೇ. ತಪ್ಪಾಯ್ತು.”