ನನ್ನ ಎಡಗಾಲಿನ ಸಮಾಚಾರ

ಮೊನ್ನೆ ಮನೆಗೆ ಬಣ್ಣ ಹೊಡೆಸಲೆಂದು ಬೀರುವನ್ನು ಗೋಡೆಯಿಂದ ಎಳೆದಾಗ ಅದರ ಹಿಂದಿನಿಂದ ಒಂದು ಕನ್ನಡಿ ಜಾರಿ ಬಂತು. ಮೂಲೆ ಒಡೆದ, ಮೊಣಕಾಲೆತ್ತರದ ಕನ್ನಡಿ. ಲುಂಗಿಯ ಅಂಚಿನಿಂದ ಧೂಳು ಒರೆಸಿದೆ. ನೀವಾಗಿದ್ದರೆ ಮುಖ ನೋಡಿಕೊಳ್ಳುತ್ತಿದ್ದಿರಿ. ನಾನು ಕಾಲು ನೋಡಿಕೊಂಡೆ. ಅದರಲ್ಲಿ ತಪ್ಪೇನಿಲ್ಲ. ಆ ಕನ್ನಡಿಗೆ ನನ್ನ ಮುಖದ ಪರಿಚಯ ಅಷ್ಟಕ್ಕಷ್ಟೆ. ಒಂದು ಕಾಲದಲ್ಲಿ ಅದು ಪೂರ್ತಿಯಾಗಿ ನನ್ನ ಕಾಲುಗಳ ಸೇವೆಯಲ್ಲಿತ್ತು.

ತುಮಕೂರು ರಸ್ತೆಯನ್ನೆಲ್ಲ ಅಗೆದು ಮೆಟ್ರೋ ಕಂಬಗಳನ್ನು ನಿಲ್ಲಿಸುತ್ತಿದ್ದ ಕಾಲವದು. ನಾನು ಆಗಲೂ ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಟರ್ನರ್. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದು ಲೇತ್ ಮಷಿನ್ನಿನ ಮುಂದೆ ನಿಂತವನು, ನಿಂತೇ ಇದ್ದೆ. ಕೂತು ಕೆಲಸ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ಕನಿಕರ. ಆ ಕೊಬ್ಬನ್ನು ಇಳಿಸಲೋ ಏನೋ, ಒಂದು ದಿನ ಎತ್ತುವಾಗ ಕೈಜಾರಿದ ಕಬ್ಬಿಣದ ಎರಕ ನೇರ ಎಡಪಾದದ ಮೇಲೆ ಬಂದು ಕೂತಿತು.

ಮೂಳೆ ಕೂಡಿತು. ಪ್ಲಾಸ್ಟರ್ ಬಿಚ್ಚಿದರು. ಆದರೆ ನೋವು ಮಾತ್ರ ಜಾಗ ಖಾಲಿ ಮಾಡಲಿಲ್ಲ. ಫ್ಯಾನಿನ ಗಾಳಿ ಸೋಕಿದರೆ ಕಾದ ಎಣ್ಣೆ ಹೊಯ್ದ ಹಾಗೆ. ಹೆಂಡತಿಯ ಸೀರೆಯ ನೆರಿಗೆ ತಾಗಿದರೂ ಬೀದಿಗೆ ಕೇಳಿಸುವಂತೆ ಕೂಗುತ್ತಿದ್ದೆ. ಡಾಕ್ಟರು ಆ ಕಾಯಿಲೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ಇನ್ನೊಂದು ಸಲ ಹೇಳಿಸಿಕೊಂಡೆ. ಎರಡನೇ ಸಲ ಅದು ಇನ್ನೂ ಉದ್ದವಾಗಿತ್ತು. ಕೊನೆಗೆ ಅವರೇ ಕನ್ನಡಕ್ಕೆ ಇಳಿದರು: "ಗಾಯ ವಾಸಿಯಾಗಿದೆ ಕಣ್ರೀ. ನಿಮ್ಮ ನರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ನಡೆಯೋದನ್ನ ಮಾತ್ರ ಮತ್ತೆ ಕಲೀಬಹುದು."

ನಡೆಯುವುದನ್ನು ಮೊದಲ ಸಲ ಕಲಿಯುವಾಗ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಎರಡನೇ ಸಲ ಕಲಿಯುವವನನ್ನು ಕಂಡರೆ ಬೀದಿಯವರು "ಪಾಪ" ಅನ್ನುತ್ತಾರೆ. ಆ ಪದಕ್ಕಿಂತ ಎರಕವೇ ಹಗುರ ಎನಿಸುತ್ತಿತ್ತು ನನಗೆ.

ಕಲಿಸಲು ಬಂದವರು ಶಾಲಿನಿ ಮೇಡಂ. ಫಿಸಿಯೋಥೆರಪಿ ಓದಿದ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಾತು ಮೆತ್ತಗೆ, ಹಟ ಉಕ್ಕು. ಕಾಲಿಗೆ ಮುಟ್ಟುವಿಕೆಯ ಭಯ ಬಿಡಿಸಬೇಕೆಂದು ಮೊದಲು ಹತ್ತಿ, ಆಮೇಲೆ ಟವೆಲ್ಲು, ಆಮೇಲೆ ಗೋಣಿಚೀಲದಿಂದ ಸವರಿಸಿದರು. ಒಂದು ಬೇಸಿನ್ನಿನಲ್ಲಿ ರಾಗಿ ತುಂಬಿ ಪಾದ ಮುಳುಗಿಸಿ ಕೂರಿಸಿದರು. ಆ ರಾಗಿಯನ್ನು ಏನು ಮಾಡುತ್ತೀಯೆ ಎಂದು ನನ್ನ ಹೆಂಡತಿ ಭಾಗ್ಯಳನ್ನು ಕೇಳಿದೆ.

"ಬೀಸಿ ಮುದ್ದೆ ತೊಳಸ್ತೀನಿ."

"ಯಾರಿಗೆ?"

"ಯಾರ ಕಾಲೋ ಅವ್ರಿಗೆ."

ಆಮೇಲೆ ಬಂತು ಈ ಕನ್ನಡಿ. ಚಾಪೆಯ ಮೇಲೆ ಕಾಲು ಚಾಚಿ ಕೂತು, ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಬೇಕು. ನೋವಿನ ಎಡಗಾಲು ಕನ್ನಡಿಯ ಹಿಂದೆ ಅಡಗಿರುತ್ತದೆ. ಮುಂದೆ ಬಲಗಾಲನ್ನು ಆಡಿಸುತ್ತ ಕನ್ನಡಿ ನೋಡಿದರೆ ಎಡಗಾಲೇ ಆಡುತ್ತಿರುವಂತೆ ಕಾಣುತ್ತದೆ. ಮೆದುಳು ಅದನ್ನು ನಿಜವೆಂದು ನಂಬಿ ಸ್ವಲ್ಪ ಸ್ವಲ್ಪವೇ ಹೆದರಿಕೆ ಬಿಡುತ್ತದಂತೆ. ನನ್ನ ಮೆದುಳು ಅಷ್ಟು ಸುಲಭಕ್ಕೆ ಟೋಪಿ ಹಾಕಿಸಿಕೊಳ್ಳುವಂಥದ್ದಲ್ಲ ಎಂದು ಮೇಡಮ್ಮಿಗೆ ಹೇಳಿದ್ದೆ. ಹಾಕಿಸಿಕೊಂಡಿತು. ಕನ್ನಡಿಯೊಳಗೆ ನನ್ನ ಎಡಪಾದ ನೋವಿಲ್ಲದೆ ಮೇಲಕ್ಕೂ ಕೆಳಕ್ಕೂ ಆಡುವುದನ್ನು ನೋಡಿ ಕಣ್ಣು ತುಂಬಿಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಭಾಗ್ಯ ಇಣುಕಿದಳು.

"ಕಾಲಿಗೆ ಅದೇನು ಸಿಂಗಾರ? ಆ ಕನ್ನಡೀಲಿ ಒಂದ್ಕಿತ ಮಕನೂ ನೋಡ್ಕಳಿ, ಗಡ್ಡ ಯಂಗೆ ಬೆಳ್ದದೆ ಅಂತ."

ಕಣ್ಣೀರು ಅಲ್ಲಿಗೇ ಒಣಗಿತು.

ಕೋಲು ಹಿಡಿದು ಬೀದಿಗಿಳಿದಾಗ ನಿಜವಾದ ಜಗಳ ಶುರುವಾಯಿತು. ಮೇಡಂ ಹೇಳಿದ್ದು ಒಂದೇ ಪಾಠ: "ನೋವು ಏಳೋಕೆ ಮುಂಚೇನೇ ನಿಂತುಬಿಡಿ ಸಾರ್. ಸ್ವಲ್ಪ ಕೂತು ಆಮೇಲೆ ಹೊರಡಿ." ಕೇಳುವುದಕ್ಕೆ ಏನೂ ಕಷ್ಟವಿಲ್ಲ. ಆದರೆ ನಾನು ಟರ್ನರ್. ಲೇತಿನಲ್ಲಿ ಒಂದು ಕಟ್ ಹಿಡಿದ ಮೇಲೆ ನಡುವೆ ನಿಲ್ಲಿಸಿದರೆ ಕಬ್ಬಿಣದ ಮೇಲೆ ಗೆರೆ ಬೀಳುತ್ತದೆ. ಶುರುಮಾಡಿದ್ದನ್ನು ಕೊನೆ ಮುಟ್ಟಿಸಿಯೇ ಕೈ ತೆಗೆಯಬೇಕು. ಕಾಲಿಗೂ ಅದೇ ಕಾನೂನು ಹಾಕಿದೆ. ಕಾಲು ಸುಮ್ಮನಿದ್ದ ದಿನ ನಮ್ಮ ಬಾಗಲಗುಂಟೆಯನ್ನೆಲ್ಲ ಸುತ್ತಿಬಿಡುವುದು, ನಾಳೆಯ ನಡಿಗೆಯನ್ನೂ ಇವತ್ತೇ ಮುಗಿಸುವುದು. ಮಾರನೆಯ ದಿನ ಹಾಸಿಗೆ. ಅದರ ಮಾರನೆಯ ದಿನವೂ ಹಾಸಿಗೆ. ಅಲ್ಲದೆ, ಗಟ್ಟಿಮುಟ್ಟಾದ ಗಂಡಸು ಹಾಡುಹಗಲು ಯಾರದೋ ಮನೆಯ ಜಗಲಿ ಮೇಲೆ ಸುಮ್ಮನೆ ಕೂತರೆ ನೋಡಿದವರು ಏನೆಂದುಕೊಂಡಾರು?

ಮೇಡಂ ಬಂದವರು ಊದಿದ ಪಾದ ನೋಡಿದರು. "ಓವರ್‌ಟೈಮ್ ಮಾಡಿದ್ರಾ?"

"ಸ್ವಲ್ಪ ಮೇಡಂ."

"ಈ ಕಂಪನೀಲಿ ಓವರ್‌ಟೈಮ್ ಇಲ್ಲ ಸಾರ್. ಎಷ್ಟು ಸಲ ಹೇಳಲಿ?"

ಅದೇ ಹೊತ್ತಿಗೆ ನಮ್ಮ ಶೆಡ್ಡಿನ ಓನರ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. "ದಸರಾ ಹಬ್ಬ ಕಳೀಲಿ, ಬಾ. ಮಷಿನ್ ಹತ್ರ ನಿಲ್ಲೋಕಾದ್ರೆ ನಿಂದೇ ಮಷಿನ್. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಗೇಟ್ ಪಕ್ಕ ಕೂತು ಸಾಮಾನು ಒಳಗೆ ಹೊರಗೆ ಹೋಗೋದು ನೋಡ್ಕೊ." ಗೇಟಿನ ಪಕ್ಕದ ಕುರ್ಚಿ! ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ರಾಗಿಯ ಹಿನ್ನೆಲೆ ಗೊತ್ತಿದ್ದದ್ದೂ ಒಂದು ಕಾರಣವಿರಬಹುದು.

ಆಯುಧಪೂಜೆಯ ದಿನ ಆಟೋದಲ್ಲಿ ಶೆಡ್ಡಿಗೆ ಹೋದೆ. ಪೀಣ್ಯವನ್ನು ನೀವು ನೋಡುವುದಿದ್ದರೆ ಆ ದಿನವೇ ನೋಡಬೇಕು. ವರ್ಷವಿಡೀ ಎಣ್ಣೆ ಕುಡಿದು ಕರ್ರಗಿರುವ ಮಷಿನ್ನುಗಳು ಮಿಂದು ವಿಭೂತಿ ಬಳಿದುಕೊಂಡು ಮದುಮಕ್ಕಳಂತೆ ನಿಂತಿರುತ್ತವೆ. ಚಪ್ಪಲಿ ಬಿಟ್ಟು ತಣ್ಣನೆಯ ನೆಲಕ್ಕೆ ಎಡಪಾದ ಊರಿ, ಹಲ್ಲು ಕಚ್ಚಿ, ನನ್ನ ಲೇತಿನವರೆಗೆ ಹೋದೆ. ಕೋಲನ್ನು ಅದಕ್ಕೇ ಒರಗಿಸಿ ಕೈಮುಗಿದೆ. ಅವತ್ತು ಪೂಜಾರಪ್ಪನಿಗೆ ಇನ್ನೂ ಹತ್ತಾರು ಶೆಡ್ಡುಗಳಿದ್ದವು. ಬಿರುಸಿನಲ್ಲಿ ಬಂದವರು ಮಷಿನ್ನಿಗೆ, ಸ್ಪ್ಯಾನರಿಗೆ, ಅಳತೆಯ ಸಾಮಾನಿಗೆ ಕುಂಕುಮ ಇಡುತ್ತ ಅದೇ ಕೈಯಲ್ಲಿ ನನ್ನ ಕೋಲಿಗೂ ಇಟ್ಟು, ಒಂದು ಮೊಳ ಚೆಂಡುಹೂ ಸುತ್ತಿ, ಮಂಗಳಾರತಿ ಎತ್ತಿಬಿಟ್ಟರು.

ಶೆಡ್ಡೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸಣ್ಣ. ಬಾದಾಮಿ ಕಡೆಯವನು, ನನ್ನ ಪಕ್ಕದ ಮಷಿನ್ನಿನವನು.

ಹೊರಡುವಾಗ ಕೋಲಿಗೆ ಕೈಹಾಕಿದೆ. ಬಸಣ್ಣ ತಡೆದ.

"ಅಣ್ಣಾ, ಪೂಜಿಗೆ ಇಟ್ಟ ಆಯುಧ ನಾಳಿ ತನಕ ಮುಟ್ಟಂಗಿಲ್ಲ."

"ಅದು ಆಯುಧ ಅಲ್ಲ ಕಣೋ, ಕೋಲು."

"ಆರತಿ ಆತಲ್ಲಪಾ. ಇನ್ನ ಅದೂ ಆಯುಧನ. ತಡಿ, ಆಟೋ ಕರೀತೀನಿ. ಇಲ್ಲಾಂದ್ರ ನನ್ನ ಹೆಗಲ ಹಿಡಕೋ."

"ಯಾರ ಹೆಗಲೂ ಬೇಡ. ಆಟೋನೂ ಬೇಡ. ಬಸ್‌ಸ್ಟಾಪಿನ ತನಕ ನಾನೇ ನಡೀತೀನಿ."

ಬಾಯಿಂದ ಬಂದ ಮೇಲೆ ಗೊತ್ತಾಯಿತು, ಎಷ್ಟು ದೂರದ ಮಾತು ಆಡಿದೆನೆಂದು. ಆದರೆ ಓನರ್ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ ಹೊರಟೆ. ಬಸಣ್ಣ ಒಂದು ಮಾರು ಹಿಂದೆ ಬಂದ.

ಪಕ್ಕದ ಶೆಡ್ಡಿನ ಮುಂದೆ ಬರುತ್ತಿದ್ದ ಹಾಗೆ ಯಾರೋ ಕೂಗಿದರು: "ಅಣ್ಣಾ, ಬನ್ನಿ, ಪ್ರಸಾದ ತಗೊಂಡೇ ಹೋಗ್ಬೇಕು." ಆ ದಿನ ಅಲ್ಲಿ ಯಾರನ್ನೂ ಬಾಗಿಲಿನಿಂದ ಬರಿಗೈಯಲ್ಲಿ ಕಳಿಸುವುದಿಲ್ಲ, ಕರೆದವರಿಗೆ ಒಲ್ಲೆ ಎನ್ನುವ ಹಾಗೂ ಇಲ್ಲ. ಕುರ್ಚಿ ಹಾಕಿದರು, ಕೂತೆ. ಕಡಲೆಪುರಿ, ಬೂಂದಿ, ಬಾಳೆಹಣ್ಣು. ತಿಂದು ಎದ್ದೆ. ಅದರಾಚೆ ಸ್ಪ್ರಿಂಗ್ ಮಾಡುವವರು. ಅಲ್ಲೂ ಕುರ್ಚಿ, ಅಲ್ಲೂ ಕಡಲೆಪುರಿ. ಅದರಾಚೆ ಪೇಂಟಿಂಗ್ ಶೆಡ್ಡು, ಅವರದು ಕೇಸರಿಬಾತು. ಇನ್ನು ಸಾಕು ಎಂದು ನಾನು ದಾಟಿ ಹೋಗಲು ನೋಡಿದರೆ ಬಸಣ್ಣ ಹಿಂದಿನಿಂದ, "ಆ ಶೆಡ್ಡಿನ ಬಾಳಿಕಂಬ ಭಾಳ ಛಂದ ಕಟ್ಟ್ಯಾರ, ನೋಡೂಣು ಬಾ" ಎಂದು ಒಳಕ್ಕೆ ನಡೆದುಬಿಡುತ್ತಿದ್ದ. ಬಾಳೆಕಂಬವನ್ನೇ ಕಾಣದವನಂತೆ ಅವನು ಕಂಬ ನೋಡುವುದು, ನಾನು ಕೂರುವುದು.

ಬಸ್‌ಸ್ಟಾಪು ಬಂದೇಬಿಟ್ಟಿತು. ಕಾಲಿನಲ್ಲಿ ಉರಿ ಇತ್ತು, ಸುಳ್ಳು ಹೇಳಬಾರದು. ಆದರೆ ಬೊಗಳುತ್ತಿರಲಿಲ್ಲ, ಮೂಲೆಯಲ್ಲಿ ಮಲಗಿ ಗುರುಗುಟ್ಟುತ್ತಿತ್ತು ಅಷ್ಟೆ. ಜೇಬಿನ ತುಂಬ ಕಡಲೆಪುರಿ ಇಟ್ಟುಕೊಂಡು ನಿಂತಾಗ ತಲೆಗೆ ಹೊಳೆಯಿತು: ಮೇಡಂ ತಿಂಗಳುಗಟ್ಟಲೆ ಹೇಳಿದ್ದನ್ನು ಇವತ್ತು ನಾನು ಗೊತ್ತಿಲ್ಲದೆ ಮಾಡಿದ್ದೆ. ನೋವು ಏಳುವ ಮೊದಲೇ ಕೂತಿದ್ದೆ. ಯಾರೂ ನನ್ನನ್ನು ಸೋಮಾರಿ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಕೂತದ್ದಕ್ಕೆ ಬೂಂದಿ ಕೊಟ್ಟಿದ್ದರು.

"ಬೇಕಂತಲೇ ಕೂರಿಸ್ದೆ ಅಲ್ವೇನೋ?" ಎಂದು ಬಸಣ್ಣನನ್ನು ಕೇಳಿದೆ.

"ನಾ ಎಲ್ಲಿ ಕೂರಿಸೇನಿ? ನನಗ ಹಸಿವ್ಯಾಗಿತ್ತು" ಎಂದ. ಅವನ ಹೊಟ್ಟೆ ನೋಡಿದರೆ ಅದೂ ನಿಜವಿರಬಹುದು.

ಹಬ್ಬ ಕಳೆದ ಮೇಲೆ ಓನರ್ ಮುಂದೆ ಹೋಗಿ ನಿಂತೆ. ಬಸ್‌ಸ್ಟಾಪಿಗೆ ನಡೆದದ್ದಕ್ಕಿಂತ ಅಲ್ಲಿ ಬಾಯಿಬಿಡುವುದು ಕಷ್ಟವಾಯಿತು.

"ಮಷಿನ್ ನಂದೇ ಸಾರ್. ಆದ್ರೆ ಪಕ್ಕದಲ್ಲಿ ಒಂದು ಎತ್ತರದ ಸ್ಟೂಲ್ ಬೇಕು. ನಡುನಡುವೆ ಕೂರ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲಿರಬೇಕು. "ಒಂದು ವಾರ ನೋಡೋಣ" ಎಂದರು. ಆ ವಾರ ಇನ್ನೂ ಮುಗಿದಿಲ್ಲವೆಂದೇ ನಾನು ಲೆಕ್ಕ ಹಿಡಿದಿದ್ದೇನೆ. ಈಗ ಮೆಟ್ರೋ ನಮ್ಮ ತಲೆಯ ಮೇಲೇ ಓಡುತ್ತದೆ, ನಾನು ಅದೇ ಲೇತಿನ ಮುಂದೆ ನಿಲ್ಲುತ್ತೇನೆ, ಕೂರುತ್ತೇನೆ, ಮತ್ತೆ ನಿಲ್ಲುತ್ತೇನೆ. ನೋವು ಹೋಗಿಲ್ಲ. ಚಳಿಗಾಲದಲ್ಲಿ ಹಳೆಯ ಹಕ್ಕು ಕೇಳಿಕೊಂಡು ಬರುತ್ತದೆ. ಕೆಲವು ದಿನ ಅದೇ ಗೆಲ್ಲುತ್ತದೆ, ನಾನು ಮನೆಯಲ್ಲಿ ಉಳಿಯುತ್ತೇನೆ.

ಗೋಡೆಗೆ ಬಣ್ಣ ಸಾಲದೆ ಹೋಗಿ, ಇನ್ನಷ್ಟು ತರಲು ಮೊನ್ನೆ ಸಂಜೆ ಟಿ. ದಾಸರಹಳ್ಳಿಗೆ ಹೊರಟೆ. ದಾರಿಯಲ್ಲಿ ಒಂದು ಕಟ್ಟೆ ಕಂಡಿತು, ಕೂತೆ. ಕೊರಳಲ್ಲಿ ಕಂಪನಿ ಕಾರ್ಡು ನೇತುಹಾಕಿಕೊಂಡು ದಡದಡನೆ ಹೋಗುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ ನಿಂತಳು.

"ಯಾಕೆ ಅಂಕಲ್, ಕಾಲು ನೋವಾ?"

"ಇನ್ನೂ ಇಲ್ಲಮ್ಮ," ಎಂದೆ. "ಅದಕ್ಕೇ ಕೂತಿರೋದು."