‘ಯಾವಾಗಲೂ’ ಎಂದು ಒತ್ತಿದ ಮೇಲೆ

ನಾರಾಯಣಪೇಟೆಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಸೀರೆಯ ಅಂಚಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿಕೊಡುವುದು ನನ್ನ ಕೆಲಸ. ಒಂದು ಚೌಕವೆಂದರೆ ಮಗ್ಗದ ಮೇಲೆ ಒಂದು ಎಳೆ. ಕಪ್ಪು ಚೌಕವಿದ್ದಲ್ಲಿ ಎಳೆ ಏಳಬೇಕು, ಬಿಳಿ ಇದ್ದಲ್ಲಿ ಕೆಳಗೇ ಇರಬೇಕು. ಅದನ್ನು ನೋಡಿ ರಟ್ಟು ಹೊಡೆಯುವವನು ರಟ್ಟಿನ ಪಟ್ಟಿಗಳಿಗೆ ತೂತು ಹಾಕುತ್ತಾನೆ, ಆ ತೂತುಗಳ ಪ್ರಕಾರ ಮಗ್ಗ ಎಳೆ ಎತ್ತುತ್ತದೆ. ನಡುವೆ ಬೂದು ಬಣ್ಣಕ್ಕೆ ಜಾಗವಿಲ್ಲ. ಅರ್ಧ ಎದ್ದ ಎಳೆ ಯಾವ ಮಗ್ಗದಲ್ಲೂ ಇಲ್ಲ.

ಈ ಮಾತನ್ನು ಕಂಪ್ಯೂಟರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ನಕ್ಷೆಯ ಫೈಲನ್ನು ಒತ್ತಿದರೆ ಅದು ನಕ್ಷೆ ಬರೆಯುವ ಸಾಫ್ಟ್‌ವೇರಿನಲ್ಲೇ ತೆರೆಯಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಅದೊಂದು ಚಿತ್ರ, ಅಷ್ಟೇ. ಕೊಂಡೊಯ್ದು ಮದುವೆ ಫೋಟೋ ತೋರಿಸುವ ಸಾಫ್ಟ್‌ವೇರಿನ ಕೈಗೆ ಕೊಡುತ್ತದೆ. ಮೌಸಿನ ಬಲಗಡೆ ಒತ್ತು, ‘ಇದರಲ್ಲಿ ತೆರೆ’ ಎನ್ನು, ಪಟ್ಟಿಯಲ್ಲಿ ಹುಡುಕು, ಕೊನೆಗೆ ‘ಯಾವಾಗಲೂ’ ಎಂಬುದನ್ನು ಒತ್ತು. ಎಷ್ಟು ಸಲ ಒತ್ತಿದ್ದೇನೋ ದೇವರಿಗೇ ಗೊತ್ತು. ತಿಂಗಳೊಪ್ಪತ್ತಿಗೆ ಅಪ್‌ಡೇಟ್ ಎಂದು ಒಂದು ಬರುತ್ತದೆ, ನಾನು ಕಲಿಸಿದ್ದನ್ನೆಲ್ಲ ಮರೆಸಿ ಹೋಗುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದರ ‘ಯಾವಾಗಲೂ’ ಎನ್ನುವುದಕ್ಕೆ ಮೂರು ವಾರದ ಆಯುಸ್ಸು.

ಆ ದಿನವೂ ಅಪ್‌ಡೇಟ್ ಮುಗಿಸಿಕೊಂಡು ಕೂತಿತ್ತು. ಅಂಗಡಿಯಲ್ಲಿ ಮೂವರು ಕಾಯುತ್ತಿದ್ದರು, ನನಗೆ ಬೆಳಗಿನಿಂದ ತಲೆನೋವು. ಫೈಲು ಒತ್ತಿದೆ. ಇನ್ನು ಮುಂದೆ ಯಾವುದರಲ್ಲಿ ತೆರೆಯಲಿ ಎಂದು ಕೇಳಿತು. ಮೇಲೆ ಕಂಡದ್ದು ಫೋಟೋದ ಸಾಫ್ಟ್‌ವೇರು. ಹಾಳಾಗಿ ಹೋಗು, ನಿನಗೆ ಬೇಕಾದದ್ದರಲ್ಲೇ ತೆರೆ ಎಂದು ‘ಯಾವಾಗಲೂ’ ಒತ್ತಿಬಿಟ್ಟೆ. ಪಟ್ಟಿಯಲ್ಲಿ ಕೆಳಗೆ ಇಳಿದು ಹುಡುಕುವಷ್ಟು ಸಹನೆ ಉಳಿದಿರಲಿಲ್ಲ.

ತೆರೆದದ್ದು ಗದ್ವಾಲಿನ ತಾತನ ಅಂಚು. ಅವರು ನನಗೆ ಸಂಬಂಧಿಕರಲ್ಲ, ಆ ಓಣಿಗೆಲ್ಲ ತಾತ. ನಲವತ್ತು ವರ್ಷ ಮಗ್ಗದ ಮೇಲೆ ಕೂತವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಈಗ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ, ಮಗ್ಗದ ಮೇಲೆ ಸೊಸೆ ಕೂರುತ್ತಾಳೆ. ಅವರ ತಂದೆಯ ಕಾಲದ ಆ ಅಂಚು ಬೇರೆ ಯಾರಲ್ಲೂ ಇಲ್ಲ. ಹೋದ ವರ್ಷ ಅವರ ಪೆಟ್ಟಿಗೆಗೆ ಗೆದ್ದಲು ಹತ್ತಿ ಹಳೆಯ ರಟ್ಟುಗಳು ಪುಡಿಯಾಗಿದ್ದವು. ನಕ್ಷೆಯ ಕಾಗದ ಓದುವಷ್ಟು ಉಳಿದಿದ್ದಾಗಲೇ ನಾನು ಹೋಗಿ ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಹಾಕಿದೆ. ಆಮೇಲೆ, ‘ಇದು ಯಾಕ್ರೀ ಇನ್ನ, ಕಂಪ್ಯೂಟರ್‌ನ್ಯಾಗ ಐತಲ್ಲ, ಗೆದ್ದಲು ಮನಿತುಂಬ ಆಗ್ತಾವ, ಒಲಿಗೆ ಹಾಕ್ರಿ’ ಎಂದಿದ್ದೂ ನಾನೇ. ಸೊಸೆ ಹಾಕಿದ್ದಳು. ಆ ಅಂಚಿನ ಸೀರೆಗಳೆಲ್ಲ ಮಾರಿಹೋಗಿದ್ದವು, ನೇಯ್ದವರ ಮನೆಯಲ್ಲಿ ಒಂದು ತುಂಡೂ ಇರಲಿಲ್ಲ.

ಈಗ ಹೊಸ ರಟ್ಟು ಹೊಡೆಯಲು ಆ ಫೈಲನ್ನು ಕಳಿಸಬೇಕಿತ್ತು. ಫೋಟೋದ ಸಾಫ್ಟ್‌ವೇರಿನಲ್ಲಿ ಅದು ಹೆಬ್ಬೆರಳಷ್ಟು ಕಂಡಿತು. ಕಾಣಲಿ ಎಂದು ದೊಡ್ಡದು ಮಾಡಿದೆ, ಅತಿಯಾಯಿತೆಂದು ಮತ್ತೆ ಚಿಕ್ಕದು ಮಾಡಿದೆ, ಉಳಿಸಲೇ ಎಂದು ಕೇಳಿದಾಗ ಹೂಂ ಎಂದೆ, ರಟ್ಟು ಹೊಡೆಯುವವನಿಗೆ ಕಳಿಸಿದೆ. ಶಿಸ್ತಿನ ಹೆಂಗಸು ನಾನು, ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರತಿಯ ಮೇಲೂ ಇದನ್ನೇ ಹಾಕಿ ಇಟ್ಟೆ.

ಮಾರನೆಯ ದಿನ ರಟ್ಟು ಹೊಡೆಯುವವನ ಫೋನು. ‘ಅಕ್ಕಾ, ಇದೇನ್ ಕಳಿಸೀರಿ? ಎಲ್ಲಾ ಹೊಗಿ ಆಗೈತಿ. ಯಾವ್ದು ಕಪ್ಪು ಯಾವ್ದು ಬಿಳಿ ಗೊತ್ತೇ ಆಗವಲ್ದು.’

ನಕ್ಷೆಯ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆ. ಫೋಟೋದ ಸಾಫ್ಟ್‌ವೇರು ಮುಖಕ್ಕೆ ನುಣುಪು ತರುವ ಹಾಗೆ ಅಂಚಿಗೂ ನುಣುಪು ತಂದಿತ್ತು. ಚೌಕಗಳು ಒಂದರೊಳಗೊಂದು ಕರಗಿ ಎಲ್ಲೆಲ್ಲೂ ಬೂದು. ಕಾಯಬೇಕಾದವಳೇ ಕೆಡಿಸಿದ್ದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಎರಡು ದಿನ ಕಣ್ಣು ನೆಟ್ಟು ಸರಿಮಾಡಲು ನೋಡಿದೆ. ಅರ್ಧಕ್ಕರ್ಧ ಸಾಲುಗಳಲ್ಲಿ ನನ್ನ ಊಹೆಯೇ ಸೇರುತ್ತಿತ್ತು, ಅದು ಅವರ ಅಂಚಾಗುತ್ತಿರಲಿಲ್ಲ.

ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ ನಸುಕಿನ ಬಸ್ಸು ಹತ್ತಿದೆ. ಮಕ್ತಲ್ ದಾಟುವವರೆಗೆ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದುಕೊಂಡೆ, ಜೂರಾಲದ ಹತ್ತಿರ ಇಳಿದು ವಾಪಸು ಹೋಗಿಬಿಡಲೇ ಎಂದುಕೊಂಡೆ. ಹೋದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅದಕ್ಕೆ ಹೆಂಗಸರೇನು ಹೊರತೇ.

ತಾತ ಜಗುಲಿಯ ಮೇಲೆ ಕೂತಿದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಳಗೆ ಸೊಸೆಯ ಮಗ್ಗದ ಸದ್ದು ನಿಂತಿತು. ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಮತ್ತೊಂದು ಪ್ರತಿ ಇಟ್ಟಿಲ್ಲೇನವ್ವ?’

‘ಇಟ್ಟಿದ್ದೆ ತಾತಾ. ಅದನ್ನೂ ನಾನೇ ಕೆಡಿಸೀನಿ.’

‘ಬರಿಯಾಕ ಏನರ ತಂದೀಯೇನು?’

ಚೀಲದಲ್ಲಿ ಚೌಕಳಿ ಹಾಳೆಯ ಪುಸ್ತಕವಿತ್ತು. ತೆಗೆದೆ. ಅವರು ಗೋಡೆಗೆ ಒರಗಿ, ಕುರುಡುಗಣ್ಣು ಮುಚ್ಚಿ ಶುರುಮಾಡಿದರು. ‘ಮೂರು ಎತ್ತು, ಎರಡು ಬಿಡು, ಒಂದು ಎತ್ತು, ಐದು ಬಿಡು…’ ಹಿಂದಿನವರು ನಕ್ಷೆಯನ್ನು ಹೀಗೆ ಬಾಯಲ್ಲಿ ಓದುತ್ತಿದ್ದರೆಂದು ಕೇಳಿದ್ದೆ, ಕಿವಿಯಾರೆ ಕೇಳಿರಲಿಲ್ಲ. ಎತ್ತು ಎಂದಲ್ಲಿ ಚೌಕ ತುಂಬಿದೆ, ಬಿಡು ಎಂದಲ್ಲಿ ಖಾಲಿ ಬಿಟ್ಟೆ. ತೊಂಬತ್ತಾರು ಸಾಲು. ಬೆಳಿಗ್ಗೆ ಕೂತದ್ದು, ಊಟಕ್ಕೆ ಒಮ್ಮೆ ಎದ್ದೆವು. ತೊಡೆಯ ಮೇಲೆ ಅವರ ಬೆರಳು ಎಳೆ ಎಣಿಸುತ್ತಿತ್ತು. ಅರವತ್ತರ ಆಚೆ ಒಂದು ಕಡೆ ತಡವರಿಸಿದರು. ಅವರಿಗೆ ನೆನಪಾಗದಿದ್ದರೆ ಈ ಅಂಚು ಇಲ್ಲಿಗೇ ಮುಗಿಯಿತಲ್ಲ. ಅವರು ಹಿಂದಿನ ನಾಲ್ಕು ಸಾಲು ಮತ್ತೆ ಅಂದುಕೊಂಡು ಬಂದರು, ಆ ಓಟದಲ್ಲೇ ದಾಟಿದರು.

ಮುಗಿದಾಗ ನನ್ನ ಕೈ ಮರಗಟ್ಟಿತ್ತು. ಒಮ್ಮೆ ನಾನು ಓದಿ ಹೇಳಿದೆ, ಎರಡು ತಪ್ಪು ಹಿಡಿದರು, ತಿದ್ದಿದೆ. ಇನ್ನು ಊರಿಗೆ ಹೋಗಿ ಕಂಪ್ಯೂಟರಿಗೆ ಹಾಕಿದರೆ ನನ್ನ ಪಾಪ ಕಳೆಯಿತೆಂದುಕೊಂಡು ಚೀಲ ಹೆಗಲಿಗೆ ಹಾಕಿದೆ.

‘ಪುಸ್ತಕ ಮುಚ್ಚಿ ಒಂದ್ಸಲ ಹೇಳು’ ಎಂದರು ತಾತ.

‘ನನಗೆಲ್ಲಿ ಬರತೈತಿ ತಾತಾ?’

‘ಬಂದಷ್ಟು ಹೇಳು.’

ಮುಚ್ಚಿದೆ. ಮೂರು ಎತ್ತು, ಎರಡು ಬಿಡು. ಅವರ ಧಾಟಿಯಲ್ಲೇ ನಾಲಗೆ ಹೊರಳಿತು, ನನಗೇ ಸೋಜಿಗ. ಒಂಬತ್ತು ಸಾಲು ಆದವು. ಹತ್ತನೆಯದರಲ್ಲಿ ನಿಂತೆ.

‘ಒಂಬತ್ತು ಬಂದ್ವು’ ಎಂದರು. ‘ಇನ್ನ ಎಂಬತ್ತೇಳು ಅದಾವ. ನಾಳೆ ಬಾ.’

‘ಬರಕೊಂಡೀನಲ್ರೀ, ಹೋಗಿ ಕಂಪ್ಯೂಟರ್‌ನ್ಯಾಗ ಹಾಕ್ತೀನಿ.’

‘ಹಾಕು, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಸೊಸಿ ನೇಯ್ತಾಳ, ನಕ್ಷಿ ಓದಾಕ ಬರೂದಿಲ್ಲ ಆಕಿಗೆ. ಓದಾಕ ಬರೋದು ನಿನಗ. ನಮ್ಮಪ್ಪ ನನಗ ಕಲಿಸಿ ಸತ್ತ. ನಾ ಯಾರಿಗೂ ಕಲಿಸಿಲ್ಲವ್ವ. ಇಷ್ಟು ವರ್ಷದಾಗ ಯಾರೂ ಕೇಳ್ಲಿಲ್ಲ.’

ಅಂಗಡಿ ಮುಚ್ಚಿ ಮೂರು ತಾಸಿನ ದಾರಿ ಬಂದವಳು ನಾನು. ಮೈಯಲ್ಲಿ ಕಸುವಿರಲಿಲ್ಲ, ಮುಗಿಸಬೇಕಾದ ಕೆಲಸ ರಾಶಿ ಬಿದ್ದಿತ್ತು. ನಾನೂ ಈ ಮನೆಗೆ ಮೂರು ಸಲ ಬಂದಿದ್ದೆ, ನಾನೂ ಅವರನ್ನು ಕೇಳಿರಲಿಲ್ಲ. ಒಲ್ಲೆ ಎನ್ನಲು ಮುಖವಿರಲಿಲ್ಲ.

‘ಬರ್ತೀನಿ ತಾತಾ’ ಎಂದೆ.

‘ಲಗೂನ ಬಾ’ ಎಂದರು.