ಹುಬ್ಬಿಲ್ಲದ ಅಳಿಯ

ನಮ್ಮೂರಿನಲ್ಲಿ ಬುವಾಲೈಗೆ ಹೆದರದವರಿಲ್ಲ. ನಾಟಿ ಗದ್ದೆಯಲ್ಲಿ ಅವಳ ಪಕ್ಕ ನಿಂತರೆ ಸೊಂಟ ನೆಟ್ಟಗೆ ಮಾಡಲು ಬಿಡುವುದಿಲ್ಲ. ಮದುವೆಮನೆಯ ಒಲೆಯ ಮುಂದೆ ಅವಳದೇ ದರ್ಬಾರು. ನಾನು ಸಂಗ್ವಾನ್, ಅವಳ ಪಕ್ಕದ ಮನೆಯವಳು, ಓಣಿಯ ತುದಿಯಲ್ಲಿ ಪರಂಗಿಕಾಯಿ ಕೋಸಂಬರಿ ಕುಟ್ಟಿ ಮಾರುತ್ತೇನೆ. ನನ್ನ ಬಾಯಿಯೂ ಸಣ್ಣದಲ್ಲ, ಆದರೂ ಅವಳೆದುರು ನಾನೇ ತೆಪ್ಪಗಿರುತ್ತೇನೆ. ಅಂಥವಳು ಅತ್ತಿದ್ದನ್ನು ನಾನು ನೋಡಿದ್ದು ಒಂದೇ ದಿನ, ಅವಳ ತಾಯಿಯ ಚಿತೆಗೆ ಬೆಂಕಿ ಇಟ್ಟ ದಿನ.

ಅವಳ ಗಂಡ ಪ್ರೇಬೆನ್ ಡೆನ್ಮಾರ್ಕಿನವನು, ಹಡಗಿನ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಊರಿಗೆಲ್ಲ ಬರೀ ಬೆನ್. ಹನ್ನೆರಡು ವರ್ಷದ ಹಿಂದೆ ಹಿರಿಯರು ಇಬ್ಬರ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು, ಮದುವೆ ಮುಗಿಯಿತು. ಕಚೇರಿಗೆ ಹೋಗಿ ನೋಂದಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅವನು ನಿವೃತ್ತರ ವೀಸಾದ ಮೇಲೆ ಆರಾಮಾಗಿದ್ದ. ಆ ವೀಸಾಕ್ಕೆ ಇಲ್ಲಿನ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ದುಡ್ಡು ಇಟ್ಟಿರಬೇಕು. ಅತ್ತೆ ಖಮ್ಪಾನಜ್ಜಿಗೆ ಕಿಡ್ನಿ ಕೈಕೊಟ್ಟಾಗ ಈ ಪುಣ್ಯಾತ್ಮ ಯಾರನ್ನೂ ಕೇಳದೆ ಆ ದುಡ್ಡಿಗೆ ಕೈ ಹಾಕಿದ. ಅರ್ಧವನ್ನು ಆಸ್ಪತ್ರೆ ನುಂಗಿತು. ಉಳಿದ ನಾಲ್ಕು ಲಕ್ಷಕ್ಕೆ ಸಿಗುವುದು ಮದುವೆ ವೀಸಾ ಒಂದೇ. ಅವಸರದಲ್ಲಿ ಮದುವೆ ನೋಂದಾಯಿಸಿ ಅರ್ಜಿ ಹಾಕಿದರು.

ಮದುವೆ ವೀಸಾ ಅಂದರೆ ಅಧಿಕಾರಿಗಳು ಮನೆ ಬಾಗಿಲಿಗೇ ಬರುತ್ತಾರೆ. ಗಂಡ ಹೆಂಡತಿ ಅಕ್ಕಪಕ್ಕ ಕೂತ ಫೋಟೊ ತೆಗೆಯುತ್ತಾರೆ, ಮಂಚ ನೋಡುತ್ತಾರೆ, ನೆರೆಯವರನ್ನು ವಿಚಾರಿಸುತ್ತಾರೆ. ಇದು ಸುಳ್ಳು ಸಂಸಾರ ಅನ್ನಿಸಿದರೆ ಬೆನ್ ಗಂಟುಮೂಟೆ ಕಟ್ಟಬೇಕು. ಸಾಕ್ಷಿಯಾಗಿ ನನ್ನ ಹೆಸರು ಕೊಟ್ಟಿದ್ದರು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು. ಅವಳಿಗೆ ಗಂಡುಮಕ್ಕಳಿಲ್ಲ. ಮಗ ಕಾವಿ ಉಟ್ಟರೆ ಅದರ ಅಂಚು ಹಿಡಿದು ತಾಯಿ ಸ್ವರ್ಗಕ್ಕೆ ಹೋಗುತ್ತಾಳೆ ಅನ್ನುವುದು ನಮ್ಮವರ ನಂಬಿಕೆ. ಬದುಕಿದ್ದಾಗ ಆಗದಿದ್ದರೆ ದಹನದ ದಿನವಾದರೂ ಮನೆಯ ಗಂಡಸೊಬ್ಬ ತಲೆ ಬೋಳಿಸಿ, ಒಂದು ದಿನದ ಮಟ್ಟಿಗೆ ಕಾವಿ ಉಡುತ್ತಾನೆ. "ನನಗೆ ಹಿಡಿಯೋಕೆ ಅಂಚೇ ಇಲ್ಲ ಕಣೇ" ಎಂದು ಅಜ್ಜಿ ನನ್ನ ಅಂಗಡಿ ಮುಂದೆ ಕೂತು ಎಷ್ಟು ಸಲ ಹೇಳಿದ್ದಳೋ. ಈಗ ಬೆನ್ ತಾನೇ ಉಡುತ್ತೇನೆ ಅಂದ. ಊರೆಲ್ಲ ಮೆಚ್ಚಿತು.

ದಹನದ ಹಿಂದಿನ ಸಂಜೆ ಊರ ಮುಖಂಡ ಪ್ರಸೋಂಗ್ ಬೈಕಿನಲ್ಲಿ ಏದುಸಿರು ಬಿಡುತ್ತ ಬಂದ.

"ನಾಳೆ ಬೆಳಿಗ್ಗೆ ವೀಸಾದವರು ಬರ್ತಾರಂತೆ! ಬೆನ್, ಕಾವಿಗೀವಿ ಏನೂ ಬೇಡ. ಕಾವಿ ಉಟ್ಟೋನ ಪಕ್ಕ ಹೆಂಗಸು ಕೂರೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಫೋಟೊ ಹೆಂಗೆ ತೆಗೀತಾರೆ?"

"ಇನ್ನೊಂದಿನ ಬನ್ನಿ ಅಂತ ಹೇಳೋಕಾಗಲ್ವಾ?" ಅಂದೆ ನಾನು.

"ಅವರೇನು ನಮ್ಮ ಭಾವಮೈದುನರಾ ಅಕ್ಕಾ, ಕರೆದಾಗ ಬರೋಕೆ?"

ಬುವಾಲೈ ಅನ್ನದ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡದೆ, "ಕಾವಿ ಬೇಡ" ಅಂದಳು. "ಅಮ್ಮ ಹೋದ್ಲು. ನೀನೂ ಹೋದ್ರೆ ನಾನು ಯಾರ ಮುಖ ನೋಡ್ಲಿ?"

"ಆಸ್ಪತ್ರೇಲಿ ಅಮ್ಮಂಗೆ ಮಾತು ಕೊಟ್ಟೆ," ಅಂದ ಬೆನ್ ತನ್ನ ಹರಕುಮುರುಕು ಮಾತಿನಲ್ಲಿ. "ಅಮ್ಮನ್ನ ಸುಡೋದು ಒಂದೇ ಸಲ."

"ಹಾಗಾದ್ರೆ ಹಾಳಾಗಿ ಹೋಗು! ನಿನ್ನ ಹಿಮಕ್ಕೇ ಹೋಗು!" ಸೌಟು ಹಾರಿ ಬಂದು ನಮ್ಮ ಅಂಗಳದಲ್ಲಿ ಬಿತ್ತು.

ಬೆಳಿಗ್ಗೆ ಅವನು ಊರ ಬೌದ್ಧ ವಿಹಾರಕ್ಕೆ ಹೋದ. ನಮ್ಮ ರೂಢಿಯಂತೆ ತಲೆಯ ಜೊತೆ ಹುಬ್ಬನ್ನೂ ಬೋಳಿಸಿದರು. ಕಾವಿ ಉಟ್ಟು ಜಗಲಿಯ ಮೇಲೆ ಕೂತಾಗ ಮುಖ ಸುಲಿದ ಆಲೂಗಡ್ಡೆಯ ಹಾಗಿತ್ತು. ಎಂಥ ಹಟಮಾರಿ ಎಂದು ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನಕ್ಕೆ ಮೊದಲೇ ವೀಸಾದವರು ವಿಹಾರಕ್ಕೇ ಬಂದರು: ಬಿಗಿ ಮುಖದ ಒಬ್ಬ ಅಧಿಕಾರಿಣಿ, ಕ್ಯಾಮೆರಾ ಹಿಡಿದ ಒಬ್ಬ ದಪ್ಪ ಪೊಲೀಸ್. ಪೊಲೀಸ್ ಟೋಪಿ ತೆಗೆದು ಬೆನ್‌ಗೆ ಮಂಡಿಯೂರಿ ಕೈಮುಗಿದ. ಅಧಿಕಾರಿಣಿಯೂ ಕೈಮುಗಿದಳು, ಆಮೇಲೆ ಪಾಸ್‌ಪೋರ್ಟಿನ ಫೋಟೊ ನೋಡಿದಳು, ಹುಬ್ಬಿಲ್ಲದ ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು.

"ಇಬ್ಬರೂ ಅಕ್ಕಪಕ್ಕ ಕೂತಿರಬೇಕು, ಅದು ನಿಯಮ," ಅಂದಳು.

"ಇವತ್ತು ಕೂರೋಕಾಗಲ್ಲ ಮೇಡಂ," ಅಂದ ಪ್ರಸೋಂಗ್ ಬೆವರು ಒರೆಸುತ್ತ.

"ಅದು ನನಗೂ ಗೊತ್ತು. ನಾನೇನು ಆಕಾಶದಿಂದ ಉದುರಿದೋಳಾ?" ಅವಳು ನನ್ನ ಕಡೆ ತಿರುಗಿದಳು. "ಸಾಕ್ಷಿ ನೀವಾ? ಇವರು ನಿಜವಾಗ್ಲೂ ಸಂಸಾರ ಮಾಡ್ತಿದಾರಾ?"

"ನಿನ್ನೆ ಸಂಜೆ ಬರಬೇಕಿತ್ತು ತಾಯಿ ನೀವು. ಸೌಟು ಇನ್ನೂ ನಮ್ಮ ಅಂಗಳದಲ್ಲೇ ಬಿದ್ದಿದೆ."

ಅವಳು ಬುವಾಲೈಯನ್ನು ನೋಡಿದಳು. "ಯಾಕೆ ಜಗಳ?"

ಬುವಾಲೈ ಕೆಳಗೆ ಚಾಪೆಯ ಮೇಲೆ, ಗಂಡನಿಂದ ದೂರ ಕೂತಿದ್ದಳು. "ಕಾವಿ ಉಡಬೇಡ ಅಂದೆ ಮೇಡಂ. ನೀವು ಬರ್ತೀರಿ, ಇವನನ್ನ ಕಳಿಸಿಬಿಡ್ತೀರಿ ಅಂತ ಹೆದರಿಕೊಂಡೆ. ಹೆತ್ತ ಮಗಳು ನಾನೇ ಬೇಡ ಅಂದೆ. ಅವನು ಕೇಳಲಿಲ್ಲ." ಅಷ್ಟು ಹೇಳಿ ಹೆಗಲ ವಸ್ತ್ರ ಬಾಯಿಗೆ ಒತ್ತಿಕೊಂಡು ಅತ್ತಳು. ಜಗಲಿಯ ಮೇಲಿದ್ದ ಬೆನ್ ಅವಳನ್ನು ಸಮಾಧಾನ ಮಾಡುವ ಹಾಗಿರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದ.

ಅಧಿಕಾರಿಣಿ ಪೆನ್ನು ಮುಚ್ಚಿದಳು. "ಕಾವಿ ಯಾವಾಗ ಬಿಚ್ತಾರೆ?"

"ಬೆಂಕಿ ಇಟ್ಟ ಮೇಲೆ, ಸಂಜೆ."

"ಕಾಯ್ತೀವಿ."

ಕಾದರು. ನಮ್ಮ ಜೊತೆ ಅಂಟಕ್ಕಿ ಅನ್ನ ಉಂಡರು. ಶವಪೆಟ್ಟಿಗೆಗೆ ಕಟ್ಟಿದ ಬಿಳಿ ದಾರ ಹಿಡಿದು ಬೆನ್ ಮುಂದೆ ನಡೆದಾಗ ಅವರೂ ಬಿಸಿಲಲ್ಲಿ ಹಿಂದೆ ನಡೆದರು, ಚಿತೆಗೆ ಗಂಧದ ಚಕ್ಕೆಯಲ್ಲಿ ಮಾಡಿದ ಹೂವು ಇಟ್ಟರು.

ಸಂಜೆ ಬೆನ್ ಅಂಗಿ ತೊಟ್ಟು ಮನೆಗೆ ಬಂದು ಚಾಪೆಯ ಮೇಲೆ ಕೂತ. ಬುವಾಲೈ ಪಕ್ಕದಲ್ಲಿ ಕೂತವಳೇ ಅವನ ಬೆನ್ನಿಗೆ ಫಟ್ಟನೆ ಒಂದು ಬಾರಿಸಿದಳು. ಆಮೇಲೆ ಅವನ ಭುಜಕ್ಕೆ ಹಣೆ ಇಟ್ಟು ಬಿಕ್ಕಿಬಿಕ್ಕಿ ಅತ್ತಳು. ಕ್ಯಾಮೆರಾ ಕ್ಲಿಕ್ ಅಂದಿತು.

"ಮೇಡಂ, ಸರಿಯಾಗಿ ಕೂರಿಸಿ ಇನ್ನೊಂದು ತೆಗೀಲಾ?" ಅಂದ ಪೊಲೀಸ್.

"ಬೇಡ. ಇದೇ ಇರಲಿ."

ವೀಸಾ ಬಂದಾಗ ಬೆನ್‌ನ ಹುಬ್ಬು ಅರ್ಧ ಬೆಳೆದಿತ್ತು. ಬುವಾಲೈ ಪಾಸ್‌ಪೋರ್ಟನ್ನು ತಾಯಿಯ ಫೋಟೊ ಮುಂದೆ ಇಟ್ಟು ಬೇಲಿಯಾಚೆ ನನಗೂ ಕೇಳುವಷ್ಟು ಜೋರಾಗಿ ಹೇಳಿದಳು, "ಅಮ್ಮಾ, ಅಂಚು ಗಟ್ಟಿಯಾಗಿ ಹಿಡ್ಕೊಂಡ್ಯಾ? ಇವನು ಇಲ್ಲೇ ಇರ್ತಾನಂತೆ."